ತೀರ್ಥರೂಪರ ಗಾನದ ತಟ್ಟೆಗಳು

ಕೆಂಪಾಪುರದ ನಮ್ಮ ಮನೆಯಲ್ಲಿ ತೀರ್ಥರೂಪರು ಕೂಡಿಟ್ಟ ಗ್ರಾಮಫೋನ್ ತಟ್ಟೆಗಳು ೨೦೦ಕ್ಕೂ ಮಿಕ್ಕಿದ್ದುವು. ಗೋಡೆಗೆ ಹೊಡೆದ ಹಲಗೆಯ ಮೇಲೆ ಅವನ್ನು ಒಂದರ ಮೇಲೊಂದು ಪೇರಿಸಿದ್ದೆವು. ೧೨ ಅಂಗುಲದ ೧೦೦ ತಟ್ಟೆಗಳು ಹೊದಿಕೆಸಹಿತ ಸುಮಾರು ೨೦ ಕಿಲೋಗ್ರಾಂ ತೂಗುವುವೆಂಬುದನ್ನು ಲೆಕ್ಕಿಸಲೇ ಇಲ್ಲ. ಒಂದಿರುಳು ಹಲಗೆ ಕಳಚಿತು. ವಿನೈಲಿನವು ಗೀರುಬಿದ್ದು ಉಳಿದುವು. ಅವಕ್ಕಿಂತ ಹಳೆಯ ೭೮ ಸುತ್ತಿನ ತಟ್ಟೆಗಳು ಕಲ್ಲಿನ ಪುಡಿ ಬೆರೆಸಿದ ಅರಗಿನವು; ನೆರೆಯ ಚನ್ನಪಟ್ಟಣದ ಬೊಂಬೆಗೆ ಬಣ್ಣವೇರಿಸುವುದೂ ಅರಗೇ ಅಲ್ಲವೆ! ಅವೆಲ್ಲ ಚೂರಾದುವು. ಮಾತೃಶ್ರೀಯವರು ಮಾತನಾಡದೆ ಗುಡಿಸಿದರು.

ಈಗ ಬಿಸಿಲು ತಾಗದ ಮೂಲೆಯಲ್ಲಿ, ನೆಲಕ್ಕೆ ಸಮೀಪವಾದ ಕಲ್ಲುಚಪ್ಪಡಿಯ ಗೂಡಿನೊಳಗೆ, ಗೇಣಿಗೊಂದು ಅಡ್ಡಹಲಗೆಯಿಟ್ಟು ಉಳಿದವನ್ನು ವಾಲದಂತೆ ನೆಟ್ಟಗೆ ನಿಲ್ಲಿಸಿದ್ದೇವೆ. ಆ ಚೂರುಗಳನ್ನು ಮಾತ್ರ ಮಾತೃಶ್ರೀಯವರು ಇನ್ನೂ ಎಸೆಯಗೊಟ್ಟಿಲ್ಲ.