ಅಟ್ಟದ ಮೇಲಿನ ಕತ್ತಿ ಯಾವೂರಿನದು?

ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಹಳೇ ಮನೆ ಕೆಡವುವ ಮುಂಚೆ ಅಟ್ಟ ಖಾಲಿ ಮಾಡುತ್ತಾರಲ್ಲ, ಆಗ ತಾಮ್ರದ ಹಂಡೆಗೂ ಹಿತ್ತಾಳೆ ಕೊಳಗಕ್ಕೂ ತಕ್ಷಣ ವಾರಸುದಾರರು ಸಿಗುತ್ತಾರೆ. ಕಬ್ಬಿಣದ ಸಾಮಾನು ಮಾತ್ರ ಗುಜರಿಯ ತಕ್ಕಡಿಗೆ. ಆ ರಾಶಿಯಲ್ಲಿ ಕತ್ತಿಗಳು ಕಂಡರೆ ನನಗೆ ಹೊಟ್ಟೆಯಲ್ಲಿ ಸಂಕಟ.

ಚಾಮರಾಜಪೇಟೆ 1892ರದು. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಕಾಲದಲ್ಲಿ ಎದ್ದವು. ಅಲ್ಲಿಂದೀಚೆಗೆ ಯಾವ್ಯಾವ ಊರಿನವರೋ ಇಲ್ಲಿ ಬಂದು ಮನೆ ಮಾಡಿದರು; ಬರುವಾಗ ತಮ್ಮೂರಿನ ಕತ್ತಿಯನ್ನೂ ತಂದರು. ಮಣೆಯ ಮೇಲೆ ನೆಟ್ಟಗೆ ನಿಂತ ಅಲಗು, ಅದರ ತುದಿಯಲ್ಲಿ ಕಾಯಿ ತುರಿಯುವ ಹಲ್ಲು ಇದ್ದರೆ ಅದು ಅಡುಗೆಮನೆಯ ಈಳಿಗೆ. ಹಲ್ಲಿಲ್ಲದೆ, ಕಾಲಲ್ಲಿ ಮೆಟ್ಟಿ ಹಿಡಿಯುವ ಹಾಗೆ ಮಾಡಿದ್ದರೆ ಮಲೆನಾಡಿನ ಮೆಟ್ಟುಗತ್ತಿ, ಅಡಿಕೆ ಸುಲಿಯುವುದಕ್ಕೆ. ಮಲ್ಲೇಶ್ವರದ ಅಟ್ಟದಲ್ಲಿ ಮೆಟ್ಟುಗತ್ತಿ ಸಿಕ್ಕರೆ, ಆ ಮನೆಯ ಹಿರಿಯರಿಗೆ ಎಲ್ಲೋ ತೋಟದ ನಂಟಿತ್ತೆಂದು ನಾನಂತೂ ಊಹಿಸುತ್ತೇನೆ.

ಗುರುತು ಹಿಡಿಯುವುದಕ್ಕೆ ಮೊದಲು ನೋಡಬೇಕಾದದ್ದು ಸವೆತ. ಮಸೆದು ಮಸೆದು ಅಲಗು ಎಲ್ಲಿ ತೆಳುವಾಗಿದೆಯೋ ಕೆಲಸ ನಡೆದದ್ದು ಅಲ್ಲಿ. ಬಾಯಿ ಒಳಬಾಗಿದ್ದರೆ ಎಳೆದು ಕೊಯ್ಯಲು, ಬೆನ್ನು ದಪ್ಪಗಿದ್ದರೆ ಬೀಸಿ ಕಡಿಯಲು. ಆಮೇಲೆ ಕಬ್ಬಿಣ. ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿದು ಎಷ್ಟೋ ಮಚ್ಚು ಮಾಡಿದ್ದಾರೆ. ಅಂಥದ್ದು ಲಾರಿ ಓಡಾಡಿದ ಮೇಲಿನ ಕಾಲದ್ದು, ಯಾರು ಎಷ್ಟೇ ಪುರಾತನ ಎಂದರೂ ಸರಿಯೇ. ಆಫ್ರಿಕಾದ ಹಳ್ಳಿಗಳ ಕಮ್ಮಾರರೂ ಇದೇ ಪಟ್ಟಿಯನ್ನೇ ಬಡಿಯುತ್ತಾರೆ.

ಆಫ್ರಿಕಾ ಎಂದಾಗ ಒಂದು ಮಾತು ಹೇಳಲೇಬೇಕು. ಕಾಂಗೋ ನದಿಯ ಸೀಮೆಯ ಙುಲು ಎಂಬ ಕೊಕ್ಕೆಬಾಯಿಯ ಕತ್ತಿಗೆ ಯುರೋಪಿನವರು ತಲೆ ಕಡಿಯುವ ಕತ್ತಿ ಎಂದೇ ಚೀಟಿ ಅಂಟಿಸಿದರು. ಅದನ್ನು ದೊಡ್ಡಸ್ತಿಕೆಯ ಗುರುತಾಗಿಯೂ ಹಿಡಿಯುತ್ತಿದ್ದರು, ಕುಣಿತದಲ್ಲೂ ಹಿಡಿಯುತ್ತಿದ್ದರು ಎಂಬುದು ಆ ಚೀಟಿಯ ಕೆಳಗೆ ಮುಚ್ಚಿಹೋಯಿತು. ಅದೇ ಸೀಮೆಯ ಕುಬಾ ಜನರ ಇಕುಲ್ ಇನ್ನೂ ಸೊಗಸು. 17ನೇ ಶತಮಾನದ ತಮ್ಮ ರಾಜ ಶ್ಯಾಮ್ ಎಸೆಯುವ ಕತ್ತಿಯನ್ನು ನಿಲ್ಲಿಸಿ ಇದನ್ನು ಬಳಕೆಗೆ ತಂದನೆಂದು ಅವರು ಹೇಳಿಕೊಂಡು ಬಂದಿದ್ದಾರೆ. ಮರದಲ್ಲೇ ಕೆತ್ತಿದ ಇಕುಲ್‌ಗಳೂ ಇವೆ. ಕೊಯ್ಯುವುದಕ್ಕಲ್ಲ, ಮರ್ಯಾದೆಗೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಕೊಡಗು. ಅಲ್ಲಿನ ಮದುಮಗ ಸೊಂಟದ ಚೇಲೆಗೆ ಸಿಕ್ಕಿಸುವ ಬೆಳ್ಳಿ ಕೆಲಸದ ಪೀಚೆಕತ್ತಿ, ಬೆನ್ನ ಹಿಂದೆ ಹಿತ್ತಾಳೆಯ ತೊಡಂಗಿನಲ್ಲಿ ಕೂರುವ ಅಗಲ ಅಲಗಿನ ಒಡಿಕತ್ತಿ! ಒಡಿಕತ್ತಿ ಕಾಳಗದ್ದು, ನಿಜ. ಈಗ ಮದುವೆಯಲ್ಲಿ ಅದು ಬೀಳುವುದು ಸಾಲಾಗಿ ನೆಟ್ಟ ಬಾಳೆದಿಂಡಿನ ಮೇಲೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಆಯುಧ ಎಂದಷ್ಟೇ ಬರೆದರೆ ಬಾಳೆಯೂ ಇಲ್ಲ, ಮದುವೆಯೂ ಇಲ್ಲ. ಅರ್ಧ ಸತ್ಯವನ್ನು ಚೀಟಿಯಲ್ಲಿ ಬರೆಯುವುದು ಏನೂ ಬರೆಯದಿರುವುದಕ್ಕಿಂತ ಕೆಟ್ಟದ್ದೆಂದು ನನ್ನ ಮತ.

ಅಡುಗೆಮನೆಯ ಈಳಿಗೆಗೆ ಇಂಥ ಗೌರವವೇಕೆ ಎಂದು ಕೇಳುವವರಿದ್ದಾರೆ. ಬಾಳೆಕಾಯಿ, ಮಾವಿನಕಾಯಿಯ ಒಗರು ಕಬ್ಬಿಣಕ್ಕೆ ತಾಗಿದರೆ ಹೋಳು ಕಪ್ಪಾಗುತ್ತದೆ. ಅದಕ್ಕೇ ಅಜ್ಜಿಯರು ಬಾಳೆದಿಂಡಿನ ಹೋಳನ್ನು ಮಜ್ಜಿಗೆ ನೀರಿಗೆ ಹಾಕುತ್ತಿದ್ದರು, ಕೆಲಸ ಮುಗಿದೊಡನೆ ಅಲಗನ್ನು ತೊಳೆದು ಒರೆಸಿಡುತ್ತಿದ್ದರು. ಆ ವಿದ್ಯೆ ಯಾವ ಪುಸ್ತಕದ್ದೂ ಅಲ್ಲ, ಆ ಅಲಗು ಕಲಿಸಿದ್ದು.

ನಿಮ್ಮ ಅಟ್ಟದಲ್ಲೂ ಒಂದು ಇರಬಹುದು. ಉಪ್ಪುಕಾಗದ ಹಾಕಿ ಉಜ್ಜಬೇಡಿ. ತುಸು ಕೊಬ್ಬರಿ ಎಣ್ಣೆ ಸವರಿ ಒರೆಸಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಇದು ಯಾವೂರಿನದು, ಯಾರು ಹಿಡಿಯುತ್ತಿದ್ದರು, ಏನು ಕೊಯ್ಯುತ್ತಿದ್ದರು ಎಂದು ಕೇಳಿ, ಉತ್ತರ ಬರೆದು ಹಿಡಿಗೆ ಕಟ್ಟಿ. ಇಟ್ಟುಕೊಳ್ಳಲು ಜಾಗವಿಲ್ಲವೇ? ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕದಂಥ ಕಡೆ ವಿಚಾರಿಸಿ. ಗುಜರಿಯವನನ್ನು ಆಮೇಲೆ ಕರೆಯಬಹುದು.