ಗೌಂಡಿಯ ಮಗ

ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಗೊರೇಬಾಳದಲ್ಲಿ ಬೆಳೆದ ನನಗೆ ಬಾಲ್ಯದಲ್ಲಿ ರೈಲು ಕಾಣಬೇಕಾದರೆ ರಾಯಚೂರಿಗೇ ಹೋಗಬೇಕಾಗಿತ್ತು. ಎಂಟು ವರ್ಷದವನಿದ್ದಾಗ ತಂದೆಯವರು ನನ್ನನ್ನು ಅಲ್ಲಿಗೆ ಕರೆದೊಯ್ದು, ಪ್ಯಾಸೆಂಜರ್ ಗಾಡಿ ಹತ್ತಿಸಿ, ಕೃಷ್ಣಾ ನಿಲ್ದಾಣದಲ್ಲಿ ಇಳಿಸಿ ಹೊಳೆಯ ದಂಡೆಗೆ ನಡೆಸಿದರು.

ಮುಂಬಯಿಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಆ ಕಾಲದ ಸೇತುವೆ ಅದು. ನಾನು ಬಾಯ್ದೆರೆದು ಗಾಡಿಯನ್ನೇ ನೋಡುತ್ತಿದ್ದೆ.

“ಮ್ಯಾಲಿನ ಕಬ್ಬಿಣ ಏನ್ ನೋಡತೀ ತಮ್ಮಾ, ಕೆಳಗಿನ ಕಲ್ಲು ನೋಡು,” ಎಂದರು ತಂದೆಯವರು.

ಅವರು ಗೌಂಡಿ. ಗೋಡೆಯ ಎರಡು ಮೈಗಳನ್ನೂ ಹಿಡಿಯುವ ಉದ್ದಗಲ್ಲನ್ನು ಅಲ್ಲಲ್ಲಿ ಇಡದೆ ಕಟ್ಟಿದ ಗೋಡೆ ಅವರಿಗೆ ಗೋಡೆಯೇ ಅಲ್ಲ. ಒಮ್ಮೆ ಜೊತೆಯಾಳುಗಳು ಅವಸರದಲ್ಲಿ ಅದನ್ನು ಬಿಟ್ಟರೆಂದು, ಎದೆಯೆತ್ತರದ ಗೋಡೆಯನ್ನು ತಾವೇ ಕೆಡವಿ, ಎರಡು ದಿನದ ಕೂಲಿ ಕಳೆದುಕೊಂಡು ಬಂದಿದ್ದರು. ಅಂದು ಮನೆಯಲ್ಲಿ ಅವ್ವ ಮಾತನಾಡಲಿಲ್ಲ. ನನಗೂ ಅದು ಬರಿಯ ಹಟವೆಂದೇ ತೋರಿತ್ತು.

ಹೈಸ್ಕೂಲಿಗೆ ಸೇರುವಾಗ ಅರ್ಜಿಯನ್ನು ನಾನೇ ತುಂಬಿದೆ. ತಂದೆಯ ಉದ್ಯೋಗವೆಂಬಲ್ಲಿ ‘ಒಕ್ಕಲುತನ’ ಎಂದು ಬರೆದೆ. ನಮಗೆ ಒಂದು ಗುಂಟೆ ಹೊಲವೂ ಇರಲಿಲ್ಲ.

“ಏನ್ ಬರದೀಯೋ?” ಎಂದು ಕೇಳಿದರು.

“ಗೌಂಡಿ ಅಂತ,” ಎಂದೆ. ಅವರು ಸಂತೋಷದಿಂದ ಹೆಬ್ಬೆಟ್ಟು ಒತ್ತಿದರು.

ಉಪನ್ಯಾಸಕನಾದ ಮೇಲೆ ಹಳೆಯ ರೈಲುಮಾರ್ಗಗಳ ಚರಿತ್ರೆಯನ್ನು ಓದುತ್ತಿದ್ದೆ. ಅದೇ ಮುಂಬಯಿ ಮಾರ್ಗದ ಭೋರ್ ಘಾಟಿನಲ್ಲಿ, 1863ರಲ್ಲಿ ಗಾಡಿ ಓಡಲಾರಂಭಿಸಿದ ಕಲ್ಲಿನ ಕಮಾನು ಸೇತುವೆಯೊಂದು 1867ರ ಮಳೆಗಾಲದಲ್ಲಿ ಕುಸಿದುಬಿತ್ತಂತೆ. ಹೊರಗೆ ಅಂದವಾಗಿ ಕೆತ್ತಿದ ಕಲ್ಲು. ಒಳಗೆ ಸಡಿಲವಾಗಿ ತುಂಬಿದ ಚೂರುಗಲ್ಲು. ಎರಡನ್ನೂ ಬಿಗಿಯುವ ಉದ್ದಗಲ್ಲು ಸಾಲದು. ಇಂಜಿನಿಯರುಗಳು ವಿಚಾರಣೆ ನಡೆಸಿ ಕಂಡುಕೊಂಡುದನ್ನು, ಅಕ್ಷರವರಿಯದ ನನ್ನ ತಂದೆ ಕೂಲಿ ಕಳೆದುಕೊಂಡು ಪಾಲಿಸುತ್ತಿದ್ದರು. ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಕುಳಿತೆ. ಅದನ್ನು ಅವರಿಗೆ ಓದಿ ಹೇಳೋಣವೆಂದರೆ ಅವರು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

ಸಿಂಧನೂರಿನಿಂದ ಮೊದಲ ಸಲ ರೈಲು ಹತ್ತಿದಾಗ, ಹಳ್ಳದ ಸೇತುವೆಗಳು ಬಂದಾಗಲೆಲ್ಲ ನಾನು ಕಿಟಕಿಯಿಂದ ಬಗ್ಗಿ ಕೆಳಗೆ ನೋಡಿದೆ. ಎಲ್ಲವೂ ಕಾಂಕ್ರೀಟು. ಆದರೂ ನೋಡಿದೆ.

ಆ ಹಳೆಯ ಅರ್ಜಿ ಯಾವ ಕಪಾಟಿನಲ್ಲಿದೆಯೋ! ಅದನ್ನು ತಿದ್ದಲಾರೆ. ಇಲ್ಲಿಯಾದರೂ ಸರಿಯಾಗಿ ಬರೆಯುತ್ತೇನೆ: ತಂದೆಯ ಉದ್ಯೋಗ, ಗೌಂಡಿ.