ಹಿಮದ ಹಾದಿಯಲ್ಲಿ ಮೋತಿಯೊಡನೆ

ನಾವು ಹುಟ್ಟಿ ಬೆಳೆದದ್ದು ಬಿಜಾಪುರ ಸೀಮೆಯ ಬಿಸಿಲಿನಲ್ಲಿ. ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಕಾವ್ಯಗಳನ್ನು ಓದುವಾಗ ಹಿಮಾಲಯದ ವರ್ಣನೆಗೆ ಅನ್ವಯಾರ್ಥಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದೆವಾದರೂ, ಹಿಮವೆಂದರೇನೆಂಬುದನ್ನು ಕಣ್ಣಾರೆ ಕಂಡವರಾಗಿರಲಿಲ್ಲ. ಒಂದು ಸಂಜೆ ನಮ್ಮ ಗುರುಗಳು ಪಾಠ ಮುಗಿಸಿ, ದೂರದ ಆಲ್ಪ್ಸ್ ಪರ್ವತದಲ್ಲಿರುವ ಕ್ರೈಸ್ತ ಸಂನ್ಯಾಸಿಗಳ ಮಠವೊಂದರ ಕಥೆಯನ್ನು ಹೇಳಿದರು. ಅಲ್ಲಿ ಬ್ಯಾರಿ ಎಂಬ ನಾಯಿಯಿತ್ತಂತೆ. ಹಿಮದಲ್ಲಿ ಹೂತುಹೋದ ದಾರಿಹೋಕರನ್ನು ಮೂಸಿ ಹುಡುಕಿ ಉಳಿಸುತ್ತಿತ್ತಂತೆ. ಕೊನೆಗೆ ತಾನು ಉಳಿಸಹೋದ ಸೈನಿಕನೇ ಅದನ್ನು ತೋಳವೆಂದು ಭ್ರಮಿಸಿ ಕೊಂದನಂತೆ. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಆ ಮಠವನ್ನು ಒಮ್ಮೆ ನೋಡಬೇಕೆಂಬ ಹಂಬಲ ಅಂದು ಮೂಡಿದ್ದು, ಅರುವತ್ತು ದಾಟಿದರೂ ಆರಿರಲಿಲ್ಲ.

ನಮ್ಮ ಮಗಳು ಮತ್ತು ಅಳಿಯಂದಿರು ಉದ್ಯೋಗನಿಮಿತ್ತವಾಗಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ನೆಲೆಸಿರುವುದರಿಂದ, ಕಳೆದ ಜನವರಿಯಲ್ಲಿ ಆ ಯೋಗ ಒದಗಿತು. ಅವರ ಮನೆಯಲ್ಲಿ ಮೋತಿ ಎಂಬ ನಾಯಿಯಿದೆ. ಹೊಂಬಣ್ಣದ ನೀಳ ಕೂದಲಿನ ಗೋಲ್ಡನ್ ರಿಟ್ರೀವರ್ ಜಾತಿಯದು. ಹತ್ತು ವರ್ಷದ ಮೊಮ್ಮಗಳಿಗೆ ಅದೇ ಒಡಹುಟ್ಟಿದಂತೆ.

ಮಾರ್ಟಿನಿ ಪಟ್ಟಣದ ಮೇಲ್ಗಡೆ, ಸುಮಾರು 1,470 ಮೀಟರ್ ಎತ್ತರದಲ್ಲಿ ಶಾಂಪೆ ಎಂಬ ಪುಟ್ಟ ಊರಿದೆ. ನಡುವೆ ಸರೋವರ, ಸುತ್ತ ದೇವದಾರುವನ್ನು ಹೋಲುವ ಮರಗಳ ಕಾಡು. ಅಲ್ಲಿ ಮೂರು ದಿನ ತಂಗಿದೆವು. ಮೊದಲ ಬೆಳಗು ಬಾಗಿಲು ತೆರೆಯುತ್ತಲೇ ಮೋತಿಯು ಮೂತಿಯನ್ನು ಹಿಮದೊಳಗೆ ತೂರಿ, ಬೆನ್ನಮೇಲೆ ಹೊರಳಿ, ಎದ್ದು ಮೈಕೊಡವಿ, ನಮ್ಮ ಸುತ್ತ ಮೂರು ಸುತ್ತು ಓಡಿತು. ಮೊಮ್ಮಗಳು ಜಾರುಬಂಡಿಯಲ್ಲಿ ಇಳಿಜಾರಿಗಿಳಿದರೆ ಮೋತಿಯು ಬೊಗಳುತ್ತ ಬೆನ್ನಟ್ಟುವುದು. ಬಿಳಿಯ ಚೆಂಡನ್ನು ಎಸೆದರೆ ಹಿಮದಲ್ಲಿ ಕಾಣದೆ ಹೋಗುವುದೆಂದು ಕೆಂಪು ರಬ್ಬರಿನ ಬಳೆಯೊಂದನ್ನು ಎಸೆಯುತ್ತಿದ್ದರು. ನಾವೂ ದಂಡೆಯಲ್ಲಿ ನಿಂತು ಎರಡು ಬಾರಿ ಎಸೆದೆವು. ಶಾಲು ಹೊದ್ದ ಮುದುಕರೊಬ್ಬರು ನಾಯಿಯೊಡನೆ ಆಡುವುದನ್ನು ನೋಡಿ ಅಲ್ಲಿನವರು ನಕ್ಕರು. ನಮಗೂ ನಗು ಬಂದಿತು.

ಆದರೆ ಈ ಆಟಕ್ಕೂ ಒಂದು ಶಾಸ್ತ್ರವುಂಟು. ನಾಯಿಯ ಪಾದದಲ್ಲಿ ಬಿಸಿರಕ್ತದ ನಾಳಗಳೂ ತಣ್ಣಗಿನ ರಕ್ತದ ನಾಳಗಳೂ ಒತ್ತೊತ್ತಾಗಿ ಹೆಣೆದುಕೊಂಡಿರುವುದರಿಂದ, ಕೆಳಗಿಳಿಯುವ ರಕ್ತವು ಮೇಲೇರುವ ರಕ್ತವನ್ನು ಬೆಚ್ಚಗೆ ಮಾಡಿ ಕಳುಹಿಸುತ್ತದೆ. 2011ರಲ್ಲಿ ಜಪಾನಿನ ಸಂಶೋಧಕರು ಇದನ್ನು ತೋರಿಸಿಕೊಟ್ಟರು. ಹಾಗೆಂದು ನಾಯಿಗೆ ಚಳಿಯೇ ಇಲ್ಲವೆಂದು ತಿಳಿಯಲಾಗದು. ಗಿಡ್ಡ ಕೂದಲಿನವು, ಮರಿಗಳು, ಮುದಿಯಾದವು ಬೇಗ ನಡುಗುತ್ತವೆ. ಒಂದು ಕಾಲನ್ನು ಎತ್ತಿ ಎತ್ತಿ ಹಿಡಿದರೆ ಮನೆಗೆ ಕರೆಯುತ್ತಿದೆಯೆಂದೇ ಅರ್ಥ. ನಮ್ಮ ಮಗಳು ಹೊರಡುವ ಮುನ್ನ ಮೋತಿಯ ಪಾದಗಳಿಗೆ ಜೇನುಮೇಣದ ಮುಲಾಮು ಸವರುವಳು; ಬಂದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯುವಳು. ರಸ್ತೆಯ ಹಿಮ ಕರಗಲೆಂದು ಚೆಲ್ಲಿದ ಉಪ್ಪು ಪಾದವನ್ನು ಉರಿಸುತ್ತದೆ, ನೆಕ್ಕಿದರೆ ಹೊಟ್ಟೆಯನ್ನೂ ಕೆಡಿಸುತ್ತದೆ. ಬಾಯಾರಿ ಹಿಮವನ್ನೇ ತಿನ್ನದಿರಲೆಂದು ಕುಡಿಯುವ ನೀರನ್ನೂ ಒಯ್ಯುತ್ತಿದ್ದರು. ಕಾಡಿನ ಹಾದಿಯಲ್ಲಿ ಹಗ್ಗವನ್ನು ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಕಾಡುಮೃಗಗಳು ಅಲ್ಪಾಹಾರದಿಂದ ಜೀವ ಹಿಡಿದಿರುತ್ತವೆ; ನಮ್ಮ ನಾಯಿಯ ಒಂದು ಗಳಿಗೆಯ ಬೆನ್ನಟ್ಟುವಿಕೆಯು ಅವುಗಳ ಪ್ರಾಣಕ್ಕೆ ಎರವಾಗಬಹುದು.

ಮೂರನೆಯ ದಿನ ನಮ್ಮ ಹಂಬಲದ ದಿನ. ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯ ನೆತ್ತಿಯಲ್ಲಿ, ಸುಮಾರು 2,470 ಮೀಟರ್ ಎತ್ತರದಲ್ಲಿ ಆ ಮಠವಿದೆ. ಸುಮಾರು 1050ರಲ್ಲಿ ಬರ್ನಾರ್ಡ್ ಎಂಬ ಸಂತರು ಇದನ್ನು ಸ್ಥಾಪಿಸಿದರು. ದಾರಿಹೋಕರಿಗೆ ಅನ್ನ, ಬೆಂಕಿ, ಹಾಸಿಗೆ ನೀಡುವುದೇ ಅದರ ವ್ರತ. ನಮ್ಮವರ ದಾಸೋಹವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. 1964ರಲ್ಲಿ ಬೆಟ್ಟದ ಕೆಳಗೆ ಸುರಂಗಮಾರ್ಗವಾದ ಮೇಲೆ ವಾಹನಗಳು ಅದರಲ್ಲೇ ಸಾಗುತ್ತವೆ. ಚಳಿಗಾಲದಲ್ಲಿ ಮೇಲಿನ ರಸ್ತೆ ಮುಚ್ಚಿರುತ್ತದೆ. ಮಠಕ್ಕೆ ಹೋಗುವವರು ಸ್ಕೀ ಹಲಗೆಗಳ ಮೇಲೋ, ಸ್ನೋ ಶೂ ಎಂಬ ಅಗಲವಾದ ಹಿಮಪಾದುಕೆಗಳನ್ನು ಕಟ್ಟಿಕೊಂಡೋ ಎರಡು ಮೂರು ಗಂಟೆ ಏರಬೇಕು.

ಮಗಳನ್ನೂ ಮೊಮ್ಮಗಳನ್ನೂ ಶಾಂಪೆಯಲ್ಲಿ ಬಿಟ್ಟು, ನಾವು, ಅಳಿಯಂದಿರು ಮತ್ತು ಮೋತಿ ಸುರಂಗದ ಬಾಯಿಯ ಬಳಿ ಕಾರಿನಿಂದಿಳಿದೆವು. ಹಿಮಕುಸಿತದ ಅಪಾಯವನ್ನು ಐದು ಮಟ್ಟಗಳಲ್ಲಿ ತಿಳಿಸುವ ಸೂಚನೆ ಆ ದೇಶದಲ್ಲಿ ಚಳಿಗಾಲದುದ್ದಕ್ಕೂ ನಿತ್ಯ ಹೊರಡುತ್ತದೆ. ಅಂದು ಅದು ಕೆಳಗಿನ ಮಟ್ಟದಲ್ಲಿತ್ತು. ಮಠವು ಕಣ್ಣಿಗೆ ಬೀಳುವವರೆಗಾದರೂ ಏರಿ, ಕೈಮುಗಿದು ಹಿಂದಿರುಗುವುದೆಂದು ನಿಶ್ಚಯವಾಗಿತ್ತು.

ಸುಮಾರು ಒಂದು ಗಂಟೆ ನಡೆದಿರಬಹುದು. ಮುಂದೆ ಓಡುತ್ತಿದ್ದ ಮೋತಿಯು ಹಿಂದೆ ಬಿದ್ದಿತು. ನಾವು ಕರೆದೆವು, ಬಂದಿತು, ನಾಲ್ಕು ಹೆಜ್ಜೆಗೆ ಮತ್ತೆ ಕುಳಿತಿತು. ಮೊಂಡುತನವೆಂದು ಬಗೆದು ಕೊಂಚ ಗದರಿದೆವು. ಅಳಿಯಂದಿರು ಮಂಡಿಯೂರಿ ಅದರ ಪಾದವನ್ನು ಎತ್ತಿದರು.

“ಮಾವಾರ, ಇಲ್ಲಿ ನೋಡ್ರಿ,” ಎಂದರು.

ಬೆರಳುಗಳ ನಡುವಣ ಕೂದಲಿಗೆ ಹಿಮ ಹತ್ತಿ, ಗಟ್ಟಿಯಾಗಿ, ಅಡಿಕೆಗಾತ್ರದ ಗುಂಡುಗಳಾಗಿದ್ದವು. ಕಾಲಿನ ನೀಳಕೂದಲಿಗೂ ಬಿಳಿಯ ಗೆಜ್ಜೆ ಕಟ್ಟಿದಂತಿತ್ತು. ಒಂದು ಬೆರಳ ಸಂದಿಯಲ್ಲಿ ಚರ್ಮ ಒಡೆದು, ಹಿಮದ ಮೇಲೆ ರಕ್ತದ ಚುಕ್ಕೆ ಬಿದ್ದಿತ್ತು. ಕೂದಲನ್ನು ಮೊದಲೇ ಕತ್ತರಿಸಬೇಕಾಗಿತ್ತು. ಹೊರಡುವ ಅವಸರದಲ್ಲಿ ಆ ಬೆಳಗು ಮುಲಾಮನ್ನೂ ಮರೆತಿದ್ದೆವು. ಆ ಅವಸರ ನಮ್ಮದೇ ಆಗಿತ್ತೆಂಬುದನ್ನು ಓದುಗರಿಂದ ಮುಚ್ಚಿಡಲಾರೆವು.

ಅಂಗೈಯ ಬಿಸಿಯಿಂದ ಗುಂಡುಗಳನ್ನು ಕರಗಿಸುತ್ತಿರುವಾಗ ಆ ಮಠದ ನಾಯಿಗಳ ನಿಜವಾದ ಚರಿತ್ರೆ ನೆನಪಾಯಿತು. 1660-70ರ ಸುಮಾರಿಗೆ ಅಲ್ಲಿಗೆ ಬಂದ ನಾಯಿಗಳು ಗಿಡ್ಡ ಕೂದಲಿನವು. ಹೊಸ ಹಿಮದಲ್ಲಿ ತಮ್ಮ ಎದೆಯಿಂದಲೇ ಹಾದಿ ಬಿಡಿಸುತ್ತಿದ್ದವು. 1830ರ ಸುಮಾರಿಗೆ ಅವುಗಳನ್ನು ನೀಳಕೂದಲಿನ ನ್ಯೂಫೌಂಡ್‌ಲ್ಯಾಂಡ್ ತಳಿಯೊಡನೆ ಬೆರೆಸಲಾಯಿತು. ಹುಟ್ಟಿದ ನೀಳಕೂದಲಿನ ಮರಿಗಳು ನೋಟಕ್ಕೆ ಚೆಲುವಾದವು. ಆದರೆ ಕೂದಲಿಗೆ ಹಿಮ ಹೆಪ್ಪುಗಟ್ಟಿ ಭಾರವಾಗಿ ಕೆಲಸಕ್ಕೆ ಬಾರದಾದವು. ಇನ್ನು ಬ್ಯಾರಿಯನ್ನು ಯಾವ ಸೈನಿಕನೂ ಕೊಲ್ಲಲಿಲ್ಲ. ನಲವತ್ತಕ್ಕೂ ಹೆಚ್ಚು ಜನರನ್ನು ಉಳಿಸಿತೆಂದು ಹೆಸರಾದ ಅದು, ಮುದಿಯಾದಾಗ 1812ರಲ್ಲಿ ಬರ್ನ್ ನಗರಕ್ಕೆ ಹೋಗಿ ವಿಶ್ರಾಂತಿಯಲ್ಲಿದ್ದು 1814ರಲ್ಲಿ ತೀರಿಕೊಂಡಿತು. ಅದರ ದೇಹವನ್ನು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಪಾಡಿದ್ದಾರೆ. ಕೊರಳಿನ ಮದ್ಯದ ಪೀಪಾಯಿಯೂ ಕಲ್ಪನೆಯೇ. ಇಂಗ್ಲೆಂಡಿನ ಚಿತ್ರಕಾರ ಲ್ಯಾಂಡ್‌ಸಿಯರ್ 1820ರಲ್ಲಿ ಬರೆದ ಚಿತ್ರದಿಂದ ಅದು ಜನಪ್ರಿಯವಾಯಿತು. ನಮ್ಮ ಗುರುಗಳ ಕಥೆಯ ದುಃಖಾಂತ್ಯವು ಸುಳ್ಳಾದುದಕ್ಕೆ ನಮಗೆ ಸಂತೋಷವೇ ಆಯಿತು. ದುಡಿದ ಪ್ರಾಣಿಗೆ ಆ ಮಠದವರು ಮುಪ್ಪಿನಲ್ಲಿ ನೆಲೆಯೊಂದನ್ನು ಕಂಡುಕೊಟ್ಟಿದ್ದರು.

“ನೀವು ಇಲ್ಲೇ ಕೂಡ್ರಿ, ನಾನು ಮೋತಿನ್ನ ಕಾರಿಗೆ ಬಿಟ್ಟು ಬರತೀನಿ. ಆಮೇಲೆ ಇಬ್ಬರೂ ಮೇಲೆ ಹೋಗೂಣು,” ಎಂದು ಅಳಿಯಂದಿರು ನಮ್ಮ ಮನಸ್ಸನ್ನರಿತು ನುಡಿದರು.

ಮೇಲೆ ನೋಡಿದೆವು. ಬಿಳಿಯ ತಿರುವೊಂದರಾಚೆ ಮತ್ತೊಂದು ತಿರುವು. ಅರ್ಧ ಶತಮಾನದ ಆಸೆ ಅದರಾಚೆಗಿತ್ತು. ಕೆಳಗೆ ನೋಡಿದರೆ ಗಾಯದ ಕಾಲನ್ನು ಎತ್ತಿಹಿಡಿದ ಮೋತಿ. ಗದರಿದ್ದನ್ನು ಮರೆತು ಬಾಲವಾಡಿಸುತ್ತಿತ್ತು. ದಾರಿಯಲ್ಲಿ ಸೋತವರನ್ನು ಬಿಟ್ಟುಹೋಗದಿರುವುದೇ ಯಾವ ಮಠದ ವ್ರತವೋ, ಆ ಮಠವನ್ನು ನೋಡಲು ಜೊತೆಯ ಜೀವವನ್ನು ಕಾರಿನಲ್ಲಿ ಒಂಟಿಯಾಗಿ ಬಿಟ್ಟುಹೋಗುವುದೆ? “ಬೇಡ, ಎಲ್ಲರೂ ಇಳಿಯೋಣ,” ಎಂದೆವು. ನಮ್ಮ ಉಣ್ಣೆಯ ಕೈಚೀಲವೊಂದನ್ನು ಅದರ ಪಾದಕ್ಕೆ ತೊಡಿಸಿ, ದಾರದಿಂದ ಕಟ್ಟಿ, ಅದರ ನಡಿಗೆಗೆ ತಕ್ಕಂತೆ ಮೆಲ್ಲನೆ ಇಳಿದೆವು.

ಮಾರ್ಟಿನಿಯಲ್ಲಿ ಸೇಂಟ್ ಬರ್ನಾರ್ಡ್ ನಾಯಿಗಳನ್ನು ಕಂಡೆವು. 2005ರಲ್ಲಿ ಮಠದವರು ತಮ್ಮ ನಾಯಿಗಳ ಪಾಲನೆಯನ್ನು ಬ್ಯಾರಿ ಪ್ರತಿಷ್ಠಾನಕ್ಕೆ ಒಪ್ಪಿಸಿದ್ದಾರೆ. ಹಿಮದಲ್ಲಿ ಜನರನ್ನು ಹುಡುಕುವ ಕೆಲಸ ಇಂದು ಹೆಲಿಕಾಪ್ಟರುಗಳದೂ ಹಗುರ ಮೈಯ ಬೇರೆ ತಳಿಯ ನಾಯಿಗಳದೂ ಆಗಿದೆ. ಒಂದು ಭಾರೀ ನಾಯಿ ತನ್ನ ತಲೆಯನ್ನು ನಮ್ಮ ಮಂಡಿಗೆ ಆನಿಸಿ ನಿಂತಿತು. ಅದರ ಭಾರಕ್ಕೆ ನಾವೇ ಒಂದು ಹೆಜ್ಜೆ ಹಿಂದೆ ಸರಿಯಬೇಕಾಯಿತು.

ಶಾಂಪೆಗೆ ಮರಳಿದಾಗ ಮೊಮ್ಮಗಳು ಓಡಿಬಂದು, “ಮುತ್ಯಾ, ಮಠ ನೋಡಿದೇನು?” ಎಂದು ಕೇಳಿದಳು.

“ಇಲ್ಲವ್ವ. ಮೋತಿ ಸಾಕು ಅಂತು, ಬಂದ್ವಿ,” ಎಂದೆವು.

ಬೆಚ್ಚನೆಯ ನೀರು ತರಿಸಿ ಮೋತಿಯ ಪಾದಗಳನ್ನು ಅಂದು ನಾವೇ ತೊಳೆದು ಒರೆಸಿದೆವು. ಬೆರಳ ಸಂದಿಯ ಕೂದಲನ್ನು ಮೊಮ್ಮಗಳು ಕತ್ತರಿಸಿದಳು. ನಮ್ಮ ಓದುಗರ ಮಕ್ಕಳು ಎಷ್ಟೋ ಮಂದಿ ಇಂದು ಹಿಮ ಬೀಳುವ ನಾಡುಗಳಲ್ಲಿದ್ದಾರೆ. ಅವರನ್ನು ಕಾಣಹೋದಾಗ ನಾಯಿಯೊಡನೆ ಹಿಮದಲ್ಲಿ ಅವಶ್ಯವಾಗಿ ಆಡಿರಿ. ಅಂಥ ಸುಖ ಬೇರೊಂದಿಲ್ಲ. ಆದರೆ ಎಷ್ಟು ದೂರವೆಂಬುದನ್ನು ಅದರ ಕಾಲನ್ನು ನೋಡಿ ನಿಶ್ಚಯಿಸಿರಿ. ಮಾತು ಬಾರದ ಜೀವವು ತನ್ನ ನೋವನ್ನು ಕುಳಿತು ಹೇಳುತ್ತದೆ; ನಾವು ನಿಂತು ಕೇಳಬೇಕು.